ತಲೆಯಲ್ಲಿಲ್ಲದ ತಲೆಹೊಟ್ಟು

ಹೊಟ್ಟು ಎಂದರೆ ಸಾಕು, ಕನ್ನಡದಲ್ಲಿ ಅದರ ಹಿಂದೆಯೇ ತಲೆಯೂ ನೆನಪಾಗುತ್ತದೆ. ನಾಯಿಯ ಹೊಟ್ಟಿಗೆ ಮಾತ್ರ ಬೆನ್ನು, ಸೊಂಟ, ಬಾಲದ ಬುಡವೇ ನೆಲೆ. ಕರಿನಾಯಿಯಾದರೆ ಬೆನ್ನ ಮೇಲೆ ಹಿಟ್ಟಿನ ಜರಡಿ ಹಿಡಿದಂತೆ ಎದ್ದು ಕಾಣುತ್ತದೆ. ಬಿಳಿನಾಯಿ ಅದನ್ನು ತಿಂಗಳುಗಟ್ಟಲೆ ಗುಟ್ಟಾಗಿ ಇಟ್ಟುಕೊಳ್ಳಬಲ್ಲದು, ಯಜಮಾನರ ಕಪ್ಪು ಪ್ಯಾಂಟು ಚಾಡಿ ಹೇಳುವವರೆಗೆ.

ಚರ್ಮದ ತಳದಲ್ಲಿ ಹುಟ್ಟಿದ ಕೋಶ ಮೇಲೆ ಬಂದು ಉದುರಲು ಆರೋಗ್ಯವಂತ ನಾಯಿಯಲ್ಲಿ ಸುಮಾರು 3 ವಾರ ಬೇಕು. ಸೆಬೊರಿಯಾ, ಅಂದರೆ ಅತಿಯಾಗಿ ಹೊಟ್ಟು ಉದುರುವ ಚರ್ಮದ ತೊಂದರೆ, ಇರುವ ಕಾಕರ್ ಸ್ಪೇನಿಯಲ್‌ನಲ್ಲಿ ಇದೇ ಪಯಣ 8 ದಿನದೊಳಗೆ ಮುಗಿದುಹೋಗುತ್ತದೆ. ನಿಧಾನವಾಗಿ ಬಂದ ಕೋಶಗಳು ಒಂದೊಂದಾಗಿ, ಯಾರಿಗೂ ಕಾಣದಂತೆ ಕಳಚಿಕೊಳ್ಳುತ್ತವೆ. ಅವಸರದಲ್ಲಿ ಬಂದವು ಒಂದಕ್ಕೊಂದು ಅಂಟಿಕೊಂಡು ಹೆಕ್ಕಳೆಯಾಗಿ ಉದುರುತ್ತವೆ. ಚರ್ಮಕ್ಕೆ ಈ ಅವಸರ ಯಾಕೆ ಬಂತು ಎಂಬುದನ್ನು ಹುಡುಕುವುದೇ ಚಿಕಿತ್ಸೆಯ ಮುಕ್ಕಾಲು ಪಾಲು.

ಆದರೆ ಹೊಟ್ಟು ಕಂಡ ಕೂಡಲೇ ಕೈ ಹೋಗುವುದು ಬಚ್ಚಲಿನ ಶಾಂಪೂ ಬಾಟಲಿಗೆ, ಅದೂ ಮನುಷ್ಯರದ್ದಕ್ಕೆ. ನಮ್ಮ ಚರ್ಮ ಕೊಂಚ ಆಮ್ಲೀಯ, ನಾಯಿಯದು ಹೆಚ್ಚುಕಡಿಮೆ ತಟಸ್ಥ. ಸಾಲದ್ದಕ್ಕೆ ಅದರ ಹೊರಪದರ ನಮ್ಮದಕ್ಕಿಂತ ತೆಳು. ನಮ್ಮ ಶಾಂಪೂ ಅದರ ಮೈಜಿಡ್ಡನ್ನು ತೊಳೆದುಬಿಡುತ್ತದೆ, ಚರ್ಮ ಒಣಗುತ್ತದೆ, ಹೊಟ್ಟು ಹೆಚ್ಚುತ್ತದೆ, ಮತ್ತೆ ಸ್ನಾನ. ತೊಳೆಯಲು ಹೋಗಿ ಬಿತ್ತಿ ಬಂದಂತೆ.

ಮೊದಲು ಕೂದಲು ಬಿಡಿಸಿ ಮುಟ್ಟಿ ನೋಡಬೇಕು. ಪುಡಿ ಒಣಗಿದ್ದು, ತುರಿಕೆ ಇಲ್ಲದಿದ್ದರೆ ಒಣಹವೆ, ಹೀಟರ್, ಅತಿಸ್ನಾನ, ಆಹಾರದಲ್ಲಿ ಕೊಬ್ಬಿನ ಕೊರತೆ ಇಂಥವೇ ಕಾರಣವಿರಬಹುದು. ಕೈಗೆ ಜಿಡ್ಡು ಹತ್ತಿ, ಕಿವಿಯಿಂದಲೂ ಬೆರಳ ಸಂದಿಯಿಂದಲೂ ಮುಗ್ಗಲು ವಾಸನೆ ಬಂದರೆ ಮಲಸೇಜಿಯಾ ಎಂಬ ಯೀಸ್ಟಿನ ಮೇಲೆ ಅನುಮಾನ. ತೂಕ ಏರಿದ, ಕೀಲು ಹಿಡಿದುಕೊಂಡ ಮುದಿ ನಾಯಿಗೆ ಸೊಂಟದ ಮೇಲೆ ಮಾತ್ರ ಹೊಟ್ಟಿದ್ದರೆ, ಪಾಪ, ಅಲ್ಲಿಗೆ ಅದರ ನಾಲಿಗೆ ಎಟುಕುತ್ತಿಲ್ಲ. ದಿನಕ್ಕೊಮ್ಮೆ ಬ್ರಶ್ಶು ಆಡಿಸಿದರೆ ಎಷ್ಟೋ ಹಗುರಾಗುತ್ತದೆ. ನಡುವಯಸ್ಸಿನ ನಾಯಿ ತಿನ್ನುವುದು ಹೆಚ್ಚಾಗದೆಯೂ ದಪ್ಪಗಾಗಿ ಸದಾ ಮಲಗಿದ್ದರೆ ಬಾಲ ನೋಡಿ. ಡೊಂಕಾಗಿರಲಿ, ಅದರ ತಕರಾರು ಬೇಡ. ಕೂದಲುದುರಿ ಇಲಿಬಾಲದಂತಾಗಿದ್ದರೆ ಥೈರಾಯ್ಡಿಗೆ ರಕ್ತಪರೀಕ್ಷೆ ಮಾಡಿಸಬೇಕು.

ಇನ್ನೊಂದು ಹೊಟ್ಟಿದೆ, ಅದು ನಡೆಯುತ್ತದೆ. ಚೈಲೆಟಿಯೆಲ್ಲಾ ಎಂಬ ನುಸಿ ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಅದು ಪುಡಿಯ ಅಡಿಯಲ್ಲಿ ಓಡಾಡುವಾಗ ಪುಡಿಯೇ ಹೊರಟಂತೆ ಕಾಣುತ್ತದೆ. ಒತ್ತುಹಲ್ಲಿನ ಬಾಚಣಿಗೆಯಿಂದ ಬೆನ್ನನ್ನು ಕಪ್ಪು ಕಾಗದದ ಮೇಲೆ ಬಾಚಿ, ಒಳ್ಳೆಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಎರಡು ನಿಮಿಷ ಕಾಯಿರಿ. ಏನೂ ಅಲುಗಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ, ನಾಯಿ ಅವನ್ನು ನೆಕ್ಕಿ ನುಂಗಿರಬಹುದು. ಅದನ್ನು ಎತ್ತಿಕೊಳ್ಳುವವರ ತೋಳು, ಹೊಟ್ಟೆಯ ಮೇಲೆ ಕೆಂಪು ಗುಳ್ಳೆ ಎದ್ದಿದ್ದರೆ ಅದೂ ಒಂದು ಸಾಕ್ಷಿ. ಮೊಟ್ಟೆಗಳು ಕೂದಲಿಗೆ ಅಂಟಿಕೊಂಡು ಔಷಧಿಯಿಂದ ತಪ್ಪಿಸಿಕೊಳ್ಳುತ್ತವೆ, ಆದ್ದರಿಂದ ಚಿಕಿತ್ಸೆ 6ರಿಂದ 8 ವಾರ ನಡೆಯಬೇಕು. ಮನೆಯ ಬೇರೆ ನಾಯಿ, ಬೆಕ್ಕುಗಳಿಗೂ ಔಷಧಿ ಬೇಕು, ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು. ಆದರೆ ನಾಯಿಯ ಔಷಧಿಯನ್ನೇ ಬೆಕ್ಕಿಗೆ ಹಾಕಬಾರದು: ಪರ್ಮೆತ್ರಿನ್ ಎಂಬ ಕೀಟನಾಶಕ ಇರುವ ಹನಿ ಬೆಕ್ಕಿನ ಪ್ರಾಣಕ್ಕೇ ಮುಳುವು. ಕಾಲಿ ತಳಿಯ ನಾಯಿಗಳಲ್ಲಿ ಅನೇಕಕ್ಕೆ ಐವರ್‌ಮೆಕ್ಟಿನ್ ಎಂಬ ನುಸಿನಾಶಕ ಔಷಧಿ ಆಗಿಬರುವುದಿಲ್ಲ. ಈ ವಿಷಯದಲ್ಲಿ ಪಶುವೈದ್ಯರನ್ನು ಕೇಳದೆ ಸ್ವಂತ ಬುದ್ಧಿ ಓಡಿಸದಿರುವುದೇ ಜಾಣತನ.

ಸ್ನಾನವೂ ಔಷಧಿಯೇ, ಸರಿಯಾಗಿ ಮಾಡಿಸಿದರೆ. ಮೊದಲು ಬಾಚಿ ಸಡಿಲ ಹೊಟ್ಟು ತೆಗೆಯಬೇಕು, ಆಮೇಲೆ ಉಗುರುಬೆಚ್ಚಗಿನ ನೀರು ಬುಡದ ಚರ್ಮದವರೆಗೂ ಇಳಿಯಬೇಕು. ಜಿಡ್ಡು ಹೊಟ್ಟಿಗೆ ಸ್ಯಾಲಿಸಿಲಿಕ್ ಆಮ್ಲ ಮತ್ತು ಗಂಧಕದ ಶಾಂಪೂ, ಯೀಸ್ಟಿಗೆ ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಜೋಲ್ ಇರುವುದು, ಒಣಚರ್ಮಕ್ಕೆ ಓಟ್ಸಿನ ಸೌಮ್ಯ ಶಾಂಪೂ. ಔಷಧಿ ಶಾಂಪೂ ಮೈಮೇಲೆ 10 ನಿಮಿಷ ನಿಲ್ಲಬೇಕು, ಗಡಿಯಾರ ನೋಡಿಯೇ. ಅಂದಾಜಿನ ಹತ್ತು ನಿಮಿಷ ಸಾಮಾನ್ಯವಾಗಿ ಮೂರಕ್ಕೇ ಮುಗಿಯುತ್ತದೆ, ಏಕೆಂದರೆ ಅಷ್ಟರಲ್ಲಿ ನಾಯಿ ಮೈಕೊಡವಿ ಎಲ್ಲರಿಗೂ ಸ್ನಾನ ಮಾಡಿಸಿರುತ್ತದೆ. ಕಂಕುಳು, ತೊಡೆಸಂದಿಯಲ್ಲಿ ನೊರೆ ಉಳಿದರೆ ಅದೇ ಮುಂದಿನ ತುರಿಕೆ; ಹಾಗಾಗಿ ಹಚ್ಚಿದ್ದಕ್ಕಿಂತ ತೊಳೆಯುವುದಕ್ಕೇ ಹೆಚ್ಚು ಹೊತ್ತು. ಮೊದಲ ಕೆಲವು ವಾರ ವಾರಕ್ಕೆ ಎರಡು ಸಲ, ಗುಣ ಕಂಡಂತೆ ಕಡಿಮೆ. ಟೀ ಟ್ರೀ ಎಣ್ಣೆಯ ಗೊಡವೆ ಬೇಡವೇ ಬೇಡ. ಹಚ್ಚಿದ್ದೆಲ್ಲ ಕೊನೆಗೆ ನಾಯಿಯ ಹೊಟ್ಟೆಗೇ, ಅದು ವಿಷ.

ಒಮೆಗಾ-3 ಇರುವ ಮೀನೆಣ್ಣೆ ತೂಕಕ್ಕೆ ತಕ್ಕಷ್ಟು ಕೊಟ್ಟರೆ ಒಳ್ಳೆಯದು, ಆದರೆ 6ರಿಂದ 8 ವಾರ ಕಾಯುವ ತಾಳ್ಮೆ ಬೇಕು. ಬೇಗ ಗುಣವಾಗಲೆಂದು ಜಾಸ್ತಿ ಸುರಿದರೆ ಬೇಗ ಕಾಣುವುದು ಭೇದಿ ಮಾತ್ರ.

ಇಷ್ಟೆಲ್ಲ ಮಾಡಿ ನಾಯಿಯನ್ನು ಮಿಂಚಿಸಿ ವೈದ್ಯರ ಮೇಜಿನ ಮೇಲೆ ನಿಲ್ಲಿಸಿದಾಗ, ಐದೇ ನಿಮಿಷದಲ್ಲಿ ಬೆನ್ನೆಲ್ಲ ಬೆಳ್ಳಗಾಗುವುದುಂಟು. ಕೆಲವು ನಾಯಿಗಳಿಗೆ ಹೆದರಿಕೆಯಲ್ಲೂ ಹೊಟ್ಟು ಉದುರುತ್ತದೆ. ಇದಕ್ಕೆ ಶಾಂಪೂ ಬೇಕಿಲ್ಲ, ಬೆಲ್ಟು ಕಟ್ಟಿ ಮನೆಯ ದಾರಿ ಹಿಡಿದರಾಯಿತು.