ಕನ್ನಡ ಟೈಪ್ ಮಾಡಲು ಇನ್‌ಸ್ಕ್ರಿಪ್ಟ್ ಕಲಿಯಬೇಕೆ? ಪರ – ವಿರೋಧ

ಪರ: ಕನ್ನಡ ಬರೆಯಲು ಇಂಗ್ಲಿಷಿನ ಅಪ್ಪಣೆ ಏಕೆ?

ವಿರಾಜಪೇಟೆಯಲ್ಲಿ ನನ್ನದೊಂದು ಡಿ.ಟಿ.ಪಿ. ಅಂಗಡಿ. ಮದುವೆಯ ಆಹ್ವಾನ ಪತ್ರಿಕೆ, ಸಂಘದ ಬೈಲಾ, ತಹಶೀಲ್ದಾರರಿಗೆ ಅರ್ಜಿ, ಜಮ್ಮಾ ಬಾಣೆಯ (ಕೊಡಗಿನ ವಂಶಪಾರಂಪರ್ಯ ಜಮೀನಿನ) ತಕರಾರು ಪತ್ರ, ಹೀಗೆ ಬೆಳಗಿನಿಂದ ಸಂಜೆಯವರೆಗೆ ಕನ್ನಡ ಟೈಪ್ ಮಾಡುವುದೇ ನನ್ನ ಹೊಟ್ಟೆಪಾಡು. ಆದ್ದರಿಂದ ಈ ಪ್ರಶ್ನೆಗೆ ಸುತ್ತಿ ಬಳಸಿ ಉತ್ತರ ಕೊಡುವ ವ್ಯವಧಾನ ನನಗಿಲ್ಲ. ಕನ್ನಡ ಬರೆಯುವವರು ಭಾರತೀಯ ಭಾಷೆಗಳಿಗೆಂದೇ ರೂಪಿಸಿದ ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸ ಕಲಿಯಬೇಕು. ಇಂಗ್ಲಿಷ್ ಅಕ್ಷರ ಒತ್ತಿ, ಅದು ಕನ್ನಡವಾಗಿ ಮೂಡಲಿ ಎಂದು ಪರದೆ ನೋಡುತ್ತಾ ಕೂರುವ ಕೆಲಸ ಸಾಕು.

‘ಬಾಣೆ’ ಎಂಬ ಪದವನ್ನೇ ನೋಡಿ. ಕೊಡಗಿನ ಕಂದಾಯ ಕಾಗದಪತ್ರಗಳಲ್ಲಿ ಇದಿಲ್ಲದ ಪುಟ ಅಪರೂಪ. ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರೆ ಯಂತ್ರ ಊಹೆ ಮಾಡಿ ‘ಬಾನೆ’ ಎನ್ನುತ್ತದೆ. ತಿದ್ದಿದರೆ ಮುಂದಿನ ಸಾಲಿನಲ್ಲಿ ಮತ್ತೆ ‘ಬಾನೆ’. ಇನ್‌ಸ್ಕ್ರಿಪ್ಟ್‌ನಲ್ಲಿ ಊಹೆಗೆ ಎಡೆಯೇ ಇಲ್ಲ. ವೈ ಕೀಲಿಯಲ್ಲಿ ಬ, ಇ ಕೀಲಿಯಲ್ಲಿ ದೀರ್ಘ, ಶಿಫ್ಟ್ ಹಿಡಿದು ಸಿ ಒತ್ತಿದರೆ ಣ, ಝಡ್ ಕೀಲಿಯಲ್ಲಿ ಎತ್ವ. ನಾಲ್ಕು ಒತ್ತು, ನಾಲ್ಕೂ ನಾನು ಹೇಳಿದ್ದೇ. ಣಕಾರ ಬೇಕೆಂದರೆ ಣಕಾರ, ಳಕಾರ ಬೇಕೆಂದರೆ ಳಕಾರ. ನಡುವೆ ಇಂಗ್ಲಿಷಿನ ದಲ್ಲಾಳಿ ಇಲ್ಲ.

ಹೋದ ವರ್ಷ ಕೊಡವರ ಆಯುಧಪೂಜೆಯಾದ ಕೈಲ್‌ಪೊಳ್ದ್ ಹಬ್ಬದ ಮುನ್ನ ಒಂದು ಒಕ್ಕದ (ಮನೆತನದ) ಹಿರಿಯರು ಕ್ರೀಡಾಕೂಟದ ಆಹ್ವಾನ ಪತ್ರಿಕೆ ಮಾಡಿಸಲು ಬಂದಿದ್ದರು. ಹತ್ತಿರದ ಇನ್ನೊಂದು ಅಂಗಡಿಯಲ್ಲಿ ಮಾಡಿಸಿದ ಕರಡು ಅವರ ಕೈಯಲ್ಲಿತ್ತು. ಹಬ್ಬದ ಹೆಸರಿನಿಂದ ಹಿಡಿದು ಅರ್ಧಕ್ಕರ್ಧ ಮನೆಹೆಸರುಗಳವರೆಗೆ ಕೆಂಪು ಶಾಯಿಯ ಗೆರೆ. ಕೊಡವರ ಭಾಷೆಯಾದ ಕೊಡವ ತಕ್ಕನ್ನು ಬರೆಯುವುದು ಕನ್ನಡ ಲಿಪಿಯಲ್ಲೇ. ಆದರೆ ಅಲ್ಲಿನ ಪದಗಳು ಕನ್ನಡದ ಪದಕೋಶದಲ್ಲಿ ಇರುವುದಿಲ್ಲವಾದ್ದರಿಂದ, ಸಲಹೆ ಕೊಡುವ ತಂತ್ರಾಂಶಕ್ಕೆ ಅವೆಲ್ಲ ತಪ್ಪು ಕನ್ನಡವಾಗಿ ಕಾಣುತ್ತವೆ. ಹಿರಿಯರು ನನ್ನ ಪಕ್ಕದ ಸ್ಟೂಲಿನಲ್ಲಿ ಕುಳಿತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಒಂದೊಂದೇ ಹೆಸರು ಓದಿದರು. ನಾನು ಕೇಳಿದಂತೆ ಒತ್ತಿದೆ. ‘ಪೊಳ್ದ್’ ಎನ್ನುವಲ್ಲಿ ಳಕಾರಕ್ಕೆ ದಕಾರದ ಒತ್ತು, ಕೊನೆಗೆ ಇನ್ನೊಂದು ಅರ್ಧಾಕ್ಷರ. ಡಿ ಕೀಲಿ ಎರಡು ಕಡೆ, ಅಷ್ಟೇ. ಪಟ್ಟಿ ಮುಗಿದಾಗ ಅವರು ಪರದೆಯತ್ತ ಬಗ್ಗಿ ತಮ್ಮ ಮನೆಹೆಸರನ್ನು ಎರಡು ಸಲ ಓದಿಕೊಂಡರು. ಬಿಲ್ಲು ಎಷ್ಟು ಎಂದು ಆಮೇಲೆ ಕೇಳಿದರು. ತಮ್ಮ ಹೆಸರು ಸರಿಯಾಗಿ ಅಚ್ಚಾಗಲಿ ಎಂದು ಬಯಸುವುದು ದುಬಾರಿ ಆಸೆಯೇನೂ ಅಲ್ಲ. ಅದನ್ನೂ ಊಹೆಯ ಯಂತ್ರಕ್ಕೆ ಒಪ್ಪಿಸಿ ಕುಳಿತಿದ್ದೇವೆ.

ಇನ್‌ಸ್ಕ್ರಿಪ್ಟ್ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯ ಮಾನಕವಾಗಿ 1986ರಲ್ಲಿ ಬಂತು, 1991ರಲ್ಲಿ ಭಾರತೀಯ ಮಾನಕ ಬ್ಯೂರೋದ ಮುದ್ರೆಯೂ ಬಿತ್ತು. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಸೇರಿಕೊಂಡೇ ಬರುತ್ತದೆ, ಯಾವ ತಂತ್ರಾಂಶವನ್ನೂ ಬೇಡಿ ತರಬೇಕಿಲ್ಲ. ಸ್ವರಚಿಹ್ನೆಗಳಲ್ಲಿ ಬಹುತೇಕ ಎಡಗೈಗೆ, ವ್ಯಂಜನಗಳಲ್ಲಿ ಹೆಚ್ಚಿನವು ಬಲಗೈಗೆ. ಬೆರಳು ತಂಗುವ ನಡುಸಾಲಿನಲ್ಲಿ ಬಲಕ್ಕೆ ಪ, ರ, ಕ, ತ, ಚ. ಎಡಕ್ಕೆ ಓತ್ವ, ಏತ್ವ, ಅರ್ಧಾಕ್ಷರದ ಚಿಹ್ನೆ, ಗುಡಿಸು, ಕೊಂಬು. ಗುಣಿತಾಕ್ಷರ ಬರೆಯುವಾಗ ಎರಡು ಕೈ ಸರದಿಯ ಮೇಲೆ ಕೆಲಸ ಮಾಡುತ್ತವೆ. ಇಂಗ್ಲಿಷಿಗಾಗಿ ಡ್ವೊರಾಕ್ ರೂಪಿಸಿದ ವಿನ್ಯಾಸದಲ್ಲೂ ಐದು ಸ್ವರಗಳು ಎಡಗೈಯ ನಡುಸಾಲಿನಲ್ಲೇ ಇವೆ. ಅವರು ತಮ್ಮ ಭಾಷೆಯ ಸ್ವಭಾವ ನೋಡಿ ಕೀಲಿ ಜೋಡಿಸಿದರು, ಇವರು ನಮ್ಮ ಕಾಗುಣಿತ ನೋಡಿ ಜೋಡಿಸಿದರು.

ಇನ್ನೊಂದು ಲಾಭ ನಮ್ಮಂಥ ಗಡಿಯ ಊರಿನವರಿಗೇ ಗೊತ್ತು. ಕೇರಳದ ಇರಿಟ್ಟಿ ಕಡೆಯಿಂದ ಮಾಕುಟ್ಟ ಘಾಟಿ ಹತ್ತಿ ಬರುವ ಗಿರಾಕಿಗಳಿಗೆ ಮಲಯಾಳದ ಕರಪತ್ರ ಬೇಕು. ಇನ್‌ಸ್ಕ್ರಿಪ್ಟ್‌ನಲ್ಲಿ ಕನ್ನಡದ ಕ ಇರುವ ಕೀಲಿಯಲ್ಲೇ ಮಲಯಾಳದ ಕ ಇದೆ, ಹಿಂದಿಯದೂ ಅಲ್ಲೇ, ತಮಿಳಿನದೂ ಅಲ್ಲೇ. ಭಾಷೆ ಬದಲಿಸಿದರೆ ಸಾಕು, ಬೆರಳಿಗೆ ಹೊಸ ಪಾಠ ಬೇಕಿಲ್ಲ.

ಕನ್ನಡಕ್ಕೆ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಅವರ ವಿನ್ಯಾಸ ಇದೆಯಲ್ಲ ಎನ್ನುವವರಿದ್ದಾರೆ. ಅವರ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಅದೂ ಇಂಗ್ಲಿಷ್ ಅಕ್ಷರಗಳ ಬೆನ್ನೇರಿ ಕುಳಿತ ವಿನ್ಯಾಸ; ಟಕಾರಕ್ಕೆ ಕ್ಯೂ, ಡಕಾರಕ್ಕೆ ಡಬ್ಲ್ಯೂ. ಆ ಚರ್ಚೆ ಇನ್ನೊಮ್ಮೆ ಮಾಡೋಣ. ಮೊಬೈಲಿಗೆ ಬಾಯಲ್ಲಿ ಹೇಳಿದರೆ ಟೈಪ್ ಆಗುತ್ತದಲ್ಲ ಎನ್ನುವ ಜಾಣರೂ ಇದ್ದಾರೆ. ಅವರು ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ಒಮ್ಮೆ ನಮ್ಮ ತಗಡಿನ ಮಾಡಿನ ಕೆಳಗೆ ಕುಳಿತು ಕ್ರಯಪತ್ರ ಬರೆಸಲಿ. ಕರೆಂಟು ಹೋಗಿ, ಟವರ್ ಸತ್ತು, ಮಳೆಯ ಸದ್ದಿನಲ್ಲಿ ಪಕ್ಕದವನ ಮಾತೇ ಕೇಳದಿರುವಾಗ ಮೊಬೈಲ್ ಏನನ್ನು ಕೇಳಿಸಿಕೊಳ್ಳುತ್ತದೋ ನೋಡೋಣ.

ಕಲಿಯುವುದು ಕಷ್ಟವೇ ಎಂದರೆ ಮೊದಮೊದಲು ಕಷ್ಟ. ಹಗಲು ಹಳೆಯದು, ರಾತ್ರಿ ಹೊಸದು ಎಂದರೆ ಎರಡೂ ಕೆಡುತ್ತದೆ. ಗಿರಾಕಿ ಕಡಿಮೆ ಇರುವ ಮಳೆಗಾಲ ನೋಡಿಕೊಂಡು ಹಳೆಯದನ್ನು ಪೂರ್ತಿ ಮುಚ್ಚಿಬಿಡಬೇಕು. ನಾನು ಹಾಗೇ ಮಾಡಿದೆ. ಸುಗ್ಗಿಯ ಹಬ್ಬ ಪುತ್ತರಿಯ ಹೊತ್ತಿಗೆ ಕೀಲಿಮಣೆ ನೋಡದೆ ಬರೆಯುತ್ತಿದ್ದೆ.

ವಿರೋಧ: ಬೆರಳಿಗೆ ಬಂದದ್ದು ಇರಲಿ ಬಿಡಿ

‘ವಿರೋಧ ಬರೆಯಲು ಯಾರೂ ಸಿಗುತ್ತಿಲ್ಲ, ನೀವು ಬರೆಯಿರಿ’ ಎಂದು ಕೇಳಿದ್ದಕ್ಕೆ ಒಪ್ಪಿಕೊಂಡೆ. ಇನ್‌ಸ್ಕ್ರಿಪ್ಟ್ ಮೇಲೆ ನನಗೆ ಹಗೆಯೇನಿಲ್ಲ. ಈಗಷ್ಟೇ ಟೈಪಿಂಗ್ ಶುರುಮಾಡುವ ಹುಡುಗರು ಅದನ್ನೇ ಕಲಿತರೆ ತಪ್ಪೂ ಇಲ್ಲ. ಆದರೆ ‘ಕಲಿಯಲೇಬೇಕು’ ಎಂಬ ಮಾತಿಗೆ ನನ್ನ ಆಕ್ಷೇಪವಿದೆ.

ಸೋಮವಾರಪೇಟೆಯ ಸಹಕಾರ ಸಂಘವೊಂದರಲ್ಲಿ ನಿವೃತ್ತಿಯವರೆಗೂ ಟೈಪಿಸ್ಟ್ ಆಗಿದ್ದವಳು ನಾನು. ಮಡಿಕೇರಿಯಲ್ಲಿ ಬೆರಳಚ್ಚು ಕಲಿತು ಜೂನಿಯರ್, ಸೀನಿಯರ್ ಪರೀಕ್ಷೆ ಪಾಸು ಮಾಡಿದ್ದು ಕಬ್ಬಿಣದ ಟೈಪ್‌ರೈಟರಿನ ಮೇಲೆ. ಒತ್ತಕ್ಷರಕ್ಕೆ ಅದರಲ್ಲಿ ಬೇರೆಯೇ ಕೀಲಿಗಳು. ಕಿರುಬೆರಳಿನಿಂದ ಒತ್ತಿ ಒತ್ತಿ ಮಣಿಕಟ್ಟು ನೋಯುತ್ತಿತ್ತು. ಅದರಲ್ಲಿ ಕೈ ಕುದುರುವ ಹೊತ್ತಿಗೆ ಸಂಘಕ್ಕೆ ಕಂಪ್ಯೂಟರ್ ಬಂತು, ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶ ಬಂತು. ಬೆರಳುಗಳಿಗೆ ತಿಳಿದದ್ದನ್ನೆಲ್ಲ ಮರೆಸುವ ಕೆಲಸ ಮೊದಲಾಯಿತು. ಮಹಾಸಭೆಯ ವರದಿ ಟೈಪ್ ಮಾಡುವಾಗ ಕೈ ತಾನಾಗಿ ಹಳೆಯ ಜಾಗಕ್ಕೆ ಹೋಗುತ್ತಿತ್ತು. ಕಾರ್ಯದರ್ಶಿಗಳು ಬಾಗಿಲಲ್ಲಿ ನಿಂತು ‘ಆಯಿತಾ?’ ಎಂದು ಕೇಳಿದಷ್ಟೂ ತಪ್ಪು ಹೆಚ್ಚುತ್ತಿತ್ತು. ಹೊಸ ಕೀಲಿ ಕಲಿಯುವುದರ ಖರ್ಚು ಲೆಕ್ಕ ಹಾಕುವವರು ಹಳೆಯದನ್ನು ಮರೆಯುವುದರ ಖರ್ಚನ್ನು ಬಿಟ್ಟೇ ಬಿಡುತ್ತಾರೆ. ಮಳೆಗಾಲದಲ್ಲಿ ಅಂಗಡಿ ಖಾಲಿ ಇರುವವರಿಗೆ ಅದು ಸುಲಭ. ನೌಕರಿಯಲ್ಲಿರುವವರಿಗೆ ಮಳೆಗಾಲದ ರಜೆ ಯಾರು ಕೊಡುತ್ತಾರೆ?

ಡ್ವೊರಾಕ್ ಹೆಸರನ್ನು ಎದುರು ಪಕ್ಷದವರೇ ಎತ್ತಿದ್ದಾರೆ, ಒಳ್ಳೆಯದಾಯಿತು. ರೆಮಿಂಗ್ಟನ್ ಕಂಪನಿ 1874ರಲ್ಲಿ ಮಾರಾಟಕ್ಕೆ ತಂದ ಟೈಪ್‌ರೈಟರಿನಿಂದ ಬೆಳೆದುಬಂದದ್ದು ನಾವೆಲ್ಲ ಬಳಸುವ ಇಂಗ್ಲಿಷ್ ಕೀಲಿಮಣೆ. ಅದಕ್ಕಿಂತ ಉತ್ತಮವೆಂದು ಆಗಸ್ಟ್ ಡ್ವೊರಾಕ್ ತಮ್ಮ ವಿನ್ಯಾಸಕ್ಕೆ 1936ರಲ್ಲಿ ಪೇಟೆಂಟ್ ಪಡೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಯ ವರದಿ ಅದನ್ನು ಹೊಗಳಿತು. ಆದರೆ 1956ರಲ್ಲಿ ಅಲ್ಲಿನ ಸರ್ಕಾರಿ ಇಲಾಖೆಗಾಗಿ ಅರ್ಲ್ ಸ್ಟ್ರಾಂಗ್ ನಡೆಸಿದ ಪರೀಕ್ಷೆಯಲ್ಲಿ, ಪಳಗಿದ ಟೈಪಿಸ್ಟರನ್ನು ಡ್ವೊರಾಕ್‌ಗೆ ಬದಲಿಸುವುದಕ್ಕಿಂತ ಹಳೆಯ ಕೀಲಿಮಣೆಯಲ್ಲೇ ಹೆಚ್ಚು ತರಬೇತಿ ಕೊಡುವುದು ಲಾಭ ಎಂದು ಕಂಡುಬಂತು. ಈಗಲೂ ಅಂಗಡಿಗೆ ಹೋಗಿ ಕೀಲಿಮಣೆ ಕೇಳಿದರೆ ಕೈಗೆ ಬರುವುದು ರೆಮಿಂಗ್ಟನ್ ಸಂತಾನವೇ.

ಕೆ.ಪಿ. ರಾವ್ ವಿನ್ಯಾಸವನ್ನು ‘ಇನ್ನೊಮ್ಮೆ ಮಾಡೋಣ’ ಎಂದು ಪಕ್ಕಕ್ಕಿಟ್ಟದ್ದು ನನಗೆ ಸರಿ ಕಾಣಲಿಲ್ಲ. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ಇಡೀ ವರ್ಣಮಾಲೆಯನ್ನು ಕೂರಿಸಿದ ವಿನ್ಯಾಸ ಅದು. ಒತ್ತಕ್ಷರಕ್ಕೆ ಎಫ್ ಒಂದಿದ್ದರೆ ಸಾಕು. ಅದರಲ್ಲೂ ಊಹೆ ಎಂಬುದಿಲ್ಲ. ಶಿಫ್ಟ್ ಹಿಡಿದು ಎನ್ ಒತ್ತಿದರೆ ಣಕಾರವೇ ಬರುತ್ತದೆ, ‘ಬಾಣೆ’ ಬಾಣೆಯಾಗಿಯೇ ಇರುತ್ತದೆ. ಕನ್ನಡದಲ್ಲಿ ಹೆಜ್ಜೆಗೊಂದು ಬರುವ ಒತ್ವವನ್ನು ಇನ್‌ಸ್ಕ್ರಿಪ್ಟ್ ಎಲ್ಲಿಟ್ಟಿದೆ ನೋಡಿ: ಅಂಕಿಗಳ ಸಾಲಿನಲ್ಲಿ, ಒಂದರ ಎಡಕ್ಕೆ, ಮೂಲೆಯಲ್ಲಿ. ಎತ್ವ ಕೆಳಸಾಲಿನ ತುದಿಯಲ್ಲಿ. ಹಿಂದಿಯಲ್ಲಿ ಹ್ರಸ್ವ ಎ, ಒ ಬರೆಯುವ ರೂಢಿ ಇಲ್ಲ, ನಮಗೆ ಅವಿಲ್ಲದೆ ಒಂದು ಸಾಲು ಸಾಗುವುದಿಲ್ಲ. ಎಲ್ಲ ಭಾಷೆಗೂ ಒಂದೇ ಅಂಗಿ ಹೊಲಿದರೆ ಯಾರದೋ ಕಂಕುಳಲ್ಲಿ ಬಿಗಿಯುತ್ತದೆ. ‘ಕೊಡಗು’ ಎಂದು ಟೈಪ್ ಮಾಡಲು ಮೊದಲ ಅಕ್ಷರದಲ್ಲೇ ಕಿರುಬೆರಳು ಆ ಮೂಲೆಗೆ ಹೋಗಬೇಕು.

ಆಹ್ವಾನ ಪತ್ರಿಕೆಯ ಹೆಸರುಗಳನ್ನು ಕರಡು ತಿದ್ದಿ ಸರಿಮಾಡಿಕೊಳ್ಳಬಹುದು. ಎಲ್ಲ ಕಾಲದಲ್ಲೂ ಮಾಡುತ್ತಿದ್ದುದು ಅದನ್ನೇ. ಮಲಯಾಳದ ವಿಷಯಕ್ಕೆ ನನ್ನಲ್ಲಿ ಉತ್ತರವಿಲ್ಲ. ನಮ್ಮ ಸಂಘದಲ್ಲಿ ಆ ಅಗತ್ಯ ಬಿದ್ದಿರಲಿಲ್ಲ.