ಕಾಶಿಯ ಕೆರೆಗಳಿಗೆ ಮೋಕ್ಷಭಾಗ್ಯ

2024ರ ನವೆಂಬರ್‌ನಲ್ಲಿ, ಕಾಶಿಯಲ್ಲಿ ಗಂಗೆಯನ್ನು ಸೇರುವ ವರುಣಾ ಮತ್ತು ಅಸ್ಸಿ ನದಿಗಳ ಪ್ರಕರಣದ ವಿಚಾರಣೆ ನಡೆಸುತ್ತಿದ್ದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ವಾರಾಣಸಿಯ ಜಿಲ್ಲಾಡಳಿತವನ್ನು, ನೀವು ಗಂಗೆಯ ನೀರು ಕುಡಿಯಬಲ್ಲಿರಾ ಎಂದು ಕೇಳಿದ್ದು ನಿಮಗೆ ನೆನಪಿರಬಹುದು. ನೀರು ಯೋಗ್ಯವಲ್ಲವೆಂದು ದಡದಲ್ಲಿ ಒಂದು ಫಲಕವನ್ನಾದರೂ ಏಕೆ ನೆಡಬಾರದು ಎಂದೂ ಕೇಳಿತು. ಇದು ಶಿಷ್ಟಾಚಾರವಲ್ಲ. ಅಧಿಕಾರಿಗಳನ್ನು ಯೋಜನಾ ವೆಚ್ಚ ಕೇಳಬಹುದು, ಕಾಮಗಾರಿ ಶೇಕಡ ಎಷ್ಟು ಮುಗಿದಿದೆ ಎಂದು ಕೇಳಬಹುದು. ಕೈಗೆ ಲೋಟ ಕೊಟ್ಟು ಕುಡಿಯಿರಿ ಎನ್ನಬಾರದು.

ಪಾಪ, ಈಗಿನವರನ್ನೇ ಏಕೆ ದೂರಬೇಕು? ಕಾಶಿಯ ನೀರಿಗೆ ಶಿಸ್ತು ಕಲಿಸುವ ಕೆಲಸ ಆರಂಭವಾಗಿ ಇನ್ನೂರು ವರ್ಷಗಳಾದವು. ಅದರ ಆದಿಪುರುಷ ಜೇಮ್ಸ್ ಪ್ರಿನ್ಸೆಪ್, ಮುಂದೆ ಬ್ರಾಹ್ಮೀ ಲಿಪಿಯನ್ನು ಓದಿ ನಮ್ಮ ಪಠ್ಯಪುಸ್ತಕಗಳಲ್ಲಿ ಅಜರಾಮರನಾದವನು. ಈಸ್ಟ್ ಇಂಡಿಯಾ ಕಂಪನಿಯ ಟಂಕಸಾಲೆಯಲ್ಲಿ ಬೆಳ್ಳಿ ಬಂಗಾರಗಳ ಶುದ್ಧತೆ ಪರೀಕ್ಷಿಸಲೆಂದು 1820ರಲ್ಲಿ ಅಲ್ಲಿಗೆ ಬಂದಾಗ ಅವನಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಲೋಹದ ಶುದ್ಧತೆ ತಿಳಿದವನಿಗೆ ಊರಿನ ಶುದ್ಧತೆ ತಿಳಿಯದೇ ಎಂದು ಭಾವಿಸಿದ ಕಂಪನಿಯು ನಗರ ಸುಧಾರಣೆಯ ಸಮಿತಿಗೂ ಅವನನ್ನೇ ಕಾರ್ಯದರ್ಶಿಯನ್ನಾಗಿ ಮಾಡಿತು. ತಜ್ಞರನ್ನು ಆರಿಸುವ ಈ ಪದ್ಧತಿಯನ್ನು ನಾವು ಇಂದಿಗೂ ಕೈಬಿಟ್ಟಿಲ್ಲ.

ಆತ ಕೆಲಸಗಳ್ಳನಲ್ಲ. ಹವಾಮಾನದ ಲೆಕ್ಕ ಇಟ್ಟ, ಜನಗಣತಿ ಮಾಡಿದ, ಕುಸಿಯುತ್ತಿದ್ದ ಮಸೀದಿಯ ಮಿನಾರುಗಳನ್ನು ಸರಿಪಡಿಸಿದ, ಘಟ್ಟಗಳ ಚಿತ್ರ ಬರೆದ. 1822ರಲ್ಲಿ ಅವನು ಸಿದ್ಧಪಡಿಸಿದ ನಗರದ ನಕ್ಷೆಯಲ್ಲಿ ಗಲ್ಲಿಗಳೂ ಕುಂಡಗಳೂ ಕೆರೆಗಳೂ ಅಚ್ಚುಕಟ್ಟಾಗಿ ಮೂಡಿವೆ. ಹೀಗೆ ಪ್ರೀತಿಯಿಂದ ಕೆರೆಗಳನ್ನು ಗುರುತಿಸಿದ ಮೇಲೆ ಅದೇ ದಶಕದಲ್ಲಿ ನೆಲದಡಿ ಸುರಂಗ ಕೊರೆಸಿ ಅವುಗಳ ನೀರನ್ನು ಬಸಿದು ಗಂಗೆಗೆ ಬಿಟ್ಟ. ನಿಂತ ನೀರಿನಿಂದ ಕೆಟ್ಟ ಗಾಳಿ ಏಳುತ್ತದೆ, ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆ ಎಂಬುದು ಅಂದಿನ ವಿಜ್ಞಾನ. ಜ್ವರ ತರುವುದು ಸೊಳ್ಳೆಯೆಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು 1897ರಲ್ಲಿ. ಅಷ್ಟು ಕಾಲ ಕಾಯುವ ವ್ಯವಧಾನ ಕೆರೆಗಳಿಗೆ ಇರಲಿಲ್ಲ.

ಮತ್ಸ್ಯೋದರಿ ಹೋಯಿತು, ಈಗ ಅದು ಮಛೋದರಿ ಉದ್ಯಾನ. ಬೇನಿಯಾ ಕೆರೆ ಬೇನಿಯಾಬಾಗ್ ಆಯಿತು. ಮಂದಾಕಿನಿ ಸೊರಗಿ ಮೈದಾಗಿನ್‌ನ ಕಂಪನಿ ಬಾಗ್‌ನೊಳಗಿನ ಕೊಳವಾಗಿ ಉಳಿಯಿತು. ದಶಾಶ್ವಮೇಧದ ಕಡೆಗೆ ಹರಿಯುತ್ತಿದ್ದ ಗೋದಾವರಿ ಎಂಬ ತೊರೆಯನ್ನು ಮುಚ್ಚಿದ ಜಾಗದಲ್ಲಿ ರಸ್ತೆ ಬಂದು ಗೋದೌಲಿಯಾ ಎನಿಸಿಕೊಂಡಿತು. ಕಾಶಿಯಲ್ಲಿ ಪ್ರಾಣ ಬಿಟ್ಟವರಿಗೆ ಮೋಕ್ಷ ಖಚಿತವಾದ್ದರಿಂದ ಈ ಜಲಮೂಲಗಳಿಗೂ ಪುನರ್ಜನ್ಮವಿಲ್ಲವೆಂದು ನಾವು ನೆಮ್ಮದಿಯಾಗಿರಬಹುದು.

ಮತ್ಸ್ಯೋದರಿಯ ಮಾತು ಬಂದದ್ದರಿಂದ ಸ್ವಲ್ಪ ಪುರಾಣ. ಗಂಗೆ ಉಕ್ಕಿದಾಗ ಅವಳ ನೀರು ವರುಣೆಯಲ್ಲಿ ಹಿಮ್ಮುಖವಾಗಿ ಏರಿ, ಮತ್ಸ್ಯೋದರಿಯೊಳಕ್ಕೆ ನುಗ್ಗಿ, ಊರನ್ನು ಸುತ್ತುವರಿಯುತ್ತಿತ್ತಂತೆ. ಅದು ಮತ್ಸ್ಯೋದರಿ ಯೋಗ, ಅಂದು ಅಲ್ಲಿ ಮಿಂದವರ ಪುಣ್ಯಕ್ಕೆ ಲೆಕ್ಕವಿಲ್ಲ. ಘಟ್ಟಗಳ ಉದ್ದಕ್ಕೂ ನೆಲ ಎತ್ತರ, ಅದರ ಹಿಂದಿನ ನೆಲ ತಗ್ಗು, ಆದ್ದರಿಂದ ಮಳೆನೀರು ಅಲ್ಲಿ ನಿಲ್ಲುವುದೂ ಹೊಳೆಯ ನೀರು ಅಲ್ಲಿಗೆ ಬರುವುದೂ ಸಹಜ ಎಂಬುದನ್ನು ಪೌರಾಣಿಕರು ಕಂಡಿದ್ದರು. ಬರುವುದನ್ನು ತಡೆಯಲಾಗದೆಂದು ಅದಕ್ಕೊಂದು ಹಬ್ಬದ ಮುಹೂರ್ತ ಇಟ್ಟರು. ಒಂದು ಕಾಲಕ್ಕೆ ಆ ಕೆರೆಯನ್ನು ನೋಡುತ್ತಿದ್ದ ಓಂಕಾರೇಶ್ವರ ಇಂದು ದಿಬ್ಬದ ಮೇಲಿನ ಸಣ್ಣ ಗುಡಿಯಲ್ಲಿ ಕೂತು ಗೋರಿಗಳನ್ನೂ ಮನೆಗಳ ಮಾಡುಗಳನ್ನೂ ನೋಡುತ್ತಿದ್ದಾನೆ.

ನೀರಿಗೆ ಮಾತ್ರ ಹಳೆಯ ವಿಳಾಸ ಮರೆತಿಲ್ಲ. ಜೋರು ಮಳೆ ಬಂದರೆ ಗೋದೌಲಿಯಾದಲ್ಲಿ ಮೊಣಕಾಲುದ್ದ ನೀರು. ಸೀರೆಯಂಗಡಿಯವರು ಕೆಳಗಿನ ಹಲಗೆಯ ಗಂಟುಗಳನ್ನು ಮೇಲಿನ ಹಲಗೆಗೆ ಏರಿಸುತ್ತಾರೆ, ರಿಕ್ಷಾದವರು ದರ ಏರಿಸುತ್ತಾರೆ. ಅನಿರೀಕ್ಷಿತ ಮಳೆ ಎಂಬ ಹೇಳಿಕೆ ಹೊರಡುತ್ತದೆ. ಶ್ರಾವಣದಲ್ಲಿ ಮಳೆಯನ್ನು ನಿರೀಕ್ಷಿಸದ ಆಡಳಿತದ ಮುಗ್ಧತೆಗೆ ಕೈಮುಗಿಯಬೇಕು. ಕೆರೆಯಿದ್ದ ಬೇನಿಯಾಬಾಗಿನ ಅಡಿಯಲ್ಲಿ ಈಗ ವಾಹನ ನಿಲುಗಡೆ ನಿರ್ಮಿಸಲಾಗಿದೆ.

ಕಂಪನಿಯ ಮೊಮ್ಮಕ್ಕಳು ಕೊಳಾಯಿ ನೀರನ್ನೂ ತಂದರು. ಭದೈನಿಯಲ್ಲಿ ಪಂಪಿನ ಕಟ್ಟಡಕ್ಕಾಗಿ ರಾಮಮಂದಿರವನ್ನು ಕೆಡವುತ್ತಾರೆಂಬ ಭಯದಿಂದ 1891ರಲ್ಲಿ ಊರೇ ದಂಗೆಯೆದ್ದಿತು. ಆದರೂ ಪಂಪು ಬಂತು, ಗಂಗೆಯಿಂದ ನೀರೆತ್ತತೊಡಗಿತು. ಭದೈನಿಯಿಂದ ತುಸುವೇ ಮೇಲಕ್ಕೆ ಅಸ್ಸಿ. ಅಸ್ಸಿ ಹೊತ್ತು ತಂದದ್ದು ಮೊದಲು ಪಂಪಿನ ಮುಂದೆ ಹಾಯುತ್ತಿತ್ತು, ಆಮೇಲೆ ವಿಶ್ವನಾಥನ ಮುಂದೆ. ಸಮೀಪದ ತುಳಸಿ ಘಟ್ಟದಲ್ಲಿ ಸಂಕಟಮೋಚನ ದೇಗುಲದ ಮಹಂತರೂ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಲ ಎಂಜಿನಿಯರಿಂಗ್‌ನ ಪ್ರಾಧ್ಯಾಪಕರೂ ಆಗಿದ್ದ ವೀರಭದ್ರ ಮಿಶ್ರರು ನೀರಿನಲ್ಲಿ ಮಲದ ಸೂಕ್ಷ್ಮಾಣುಗಳನ್ನು ಎಣಿಸುತ್ತಿದ್ದರು, ಅದೇ ನೀರಿನಲ್ಲಿ ಮುಳುಗು ಹಾಕುತ್ತಿದ್ದರು. 2013ರಲ್ಲಿ ತೀರಿಕೊಳ್ಳುವವರೆಗೆ ಅವರು ಹೇಳಿದ್ದನ್ನೇ ಹೇಳಿದರು. ಅವರಿಗೆ ಗೌರವ ಸಲ್ಲಿಸುವುದರಲ್ಲಿ ನಾವು ಎಂದೂ ಕೊರತೆ ಮಾಡಲಿಲ್ಲ.

ನಮ್ಮ ಕಡೆಯ ದೇವರ ಗೂಡುಗಳಲ್ಲಿ ಬೆಸುಗೆ ಹಾಕಿದ ತಾಮ್ರದ ಪುಟ್ಟ ಗಿಂಡಿಯೊಳಗೆ ಕಾಶಿಯ ಗಂಗೆ ಇರುತ್ತಾಳೆ. ಬೆಸುಗೆ ಒಡೆಯದಿರುವುದೇ ಕ್ಷೇಮ.

ತಮಾಷೆ ಸಾಕು. ಕೆರೆ ಬತ್ತಿಸಿದ್ದು ಪರಕೀಯರ ಪಿತೂರಿ ಎನ್ನುವ ಭಾಷಣಗಳನ್ನು ಕೇಳಿ ಕೇಳಿ ಬೇಸರವಾಗಿದೆ. ಪ್ರಿನ್ಸೆಪ್ ತೀರಿಕೊಂಡದ್ದು 1840ರಲ್ಲಿ. ಗಂಗೆಯನ್ನು ಶುದ್ಧಗೊಳಿಸುವ ಗಂಗಾ ಕ್ರಿಯಾ ಯೋಜನೆಗೆ ಕಾಶಿಯಲ್ಲಿ ಚಾಲನೆ ಸಿಕ್ಕಿದ್ದು 1986ರಲ್ಲಿ, ನಮಾಮಿ ಗಂಗೆ ಘೋಷಣೆಯಾದದ್ದು 2014ರಲ್ಲಿ. ಅಸ್ಸಿಯ ಪಾತ್ರದೊಳಗೆ ಮನೆ ಕಟ್ಟಲು ಬಿಟ್ಟವನು ಪ್ರಿನ್ಸೆಪ್ ಅಲ್ಲ. ಕುಂಡಗಳನ್ನು ಕಸ ಸುರಿದು ತುಂಬಿಸಿ ನಿವೇಶನ ಮಾಡಿದವರು ಲಂಡನ್ನಿನಿಂದ ಬಂದವರಲ್ಲ. ಅವನು ತಿಳಿಯದೆ ಮಾಡಿದ. ಇವರಿಗೆ ಎಲ್ಲವೂ ಗೊತ್ತು, ವರದಿಗಳಿವೆ, ನಕ್ಷೆಗಳಿವೆ, ಎಷ್ಟೋ ಕಡತಗಳಲ್ಲಿ ಇವರದೇ ಸಹಿಯೂ ಇದೆ.