ಕಚ್ಚಾ ತೈಲ ಇಳಿದಾಗ ನಮ್ಮ ಪೆಟ್ರೋಲ್ ಯಾಕೆ ಇಳಿಯಲಿಲ್ಲ?

ನಮ್ಮ ಊರಿಗೆ ಮೀನು ತರುವವರು ಕುಮಟಾದಿಂದ ಘಟ್ಟ ಹತ್ತಿ ಬರುತ್ತಾರೆ. ಬೈಕಿನ ಹಿಂದೆ ಐಸ್ ತುಂಬಿದ ಪೆಟ್ಟಿಗೆ, ಹ್ಯಾಂಡಲ್ಲಿಗೆ ತಕ್ಕಡಿಯ ಚೀಲ. ಶಿರಸಿ ಸುತ್ತಲಿನ ಹಳ್ಳಿಗಳನ್ನೆಲ್ಲ ಸುತ್ತಿ ಸಂಜೆ ಮನೆ ಸೇರುವಷ್ಟರಲ್ಲಿ ನೂರೈವತ್ತು ಕಿಲೋಮೀಟರ್ ಆಗಿರುತ್ತದಂತೆ. ಅಷ್ಟು ಭಾರ ಹೊತ್ತು ಘಟ್ಟ ಹತ್ತುವ ಹಳೇ ಬೈಕು ಪೆಟ್ರೋಲ್ ಜಾಸ್ತಿ ಕುಡಿಯದೆ ಇರುತ್ತದಾ? "ಮೀನು ಸಿಗಲಿ ಬಿಡಲಿ ಅಕ್ಕ, ನಾನೂರು ರೂಪಾಯಿ ಬಂಕಿಗೆ ಇಟ್ಟೇ ಹೊರಡೂದು" ಅಂತಾರೆ.

ಮೊನ್ನೆ ಬಂಗಡೆ ತೂಗುತ್ತಾ ಒಂದು ಪ್ರಶ್ನೆ ಕೇಳಿದರು. "ಅಕ್ಕ, ಮಂಗಳೂರಲ್ಲೇ ಪೆಟ್ರೋಲ್ ಮಾಡ್ತಾರಲ್ಲ. ಮತ್ತೆ ನಮಗೆ ಯಾಕೆ ಇಷ್ಟು ತುಟ್ಟಿ?"

ನನಗೆ ಆ ಕ್ಷಣಕ್ಕೆ ಸರಿಯಾಗಿ ಹೇಳಲು ಬರಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85 ಪಾಲಿಗಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. ಡಾಲರ್‌ನಲ್ಲಿ ದುಡ್ಡು ಕೊಟ್ಟು ತರಬೇಕು. ಮಂಗಳೂರಿನ ಎಂಆರ್‌ಪಿಎಲ್ ಅನ್ನುವ ತೈಲ ಶುದ್ಧ ಮಾಡುವ ಕಾರ್ಖಾನೆಯಲ್ಲಿ ಪೆಟ್ರೋಲ್ ತಯಾರಾಗುತ್ತದೆ ನಿಜ. ಆದರೆ ಅದು ಕಾರ್ಖಾನೆಯ ಬಾಗಿಲು ದಾಟುವಾಗ ಬೀಳುವ ಬೆಲೆಗೂ ಇಲ್ಲಿನ ಖರ್ಚಿಗೂ ನೇರ ಸಂಬಂಧ ಇಲ್ಲ. ಅದೇ ಪೆಟ್ರೋಲನ್ನು ವಿದೇಶದಿಂದ ಹಡಗಲ್ಲಿ ತಂದಿದ್ದರೆ ಎಷ್ಟಾಗುತ್ತಿತ್ತು ಅಂತ ಲೆಕ್ಕ ಹಾಕಿ, ಅದಕ್ಕೆ 80 ಪಾಲು ತೂಕ ಕೊಡುತ್ತಾರೆ. ಹೊರಗೆ ಮಾರಿದ್ದರೆ ಸಿಗುತ್ತಿದ್ದ ಬೆಲೆಗೆ 20 ಪಾಲು. ಹಾಗಾಗಿ ನಮ್ಮ ಕರಾವಳಿಯಲ್ಲೇ ತಯಾರಾದರೂ ಅದರ ಬೆಲೆ ಹೊರಗಿನ ಮಾರುಕಟ್ಟೆಯದೇ.

ಉದಾಹರಣೆಗೆ 2025ರ ಲೆಕ್ಕ ನೋಡಿ. ಕಚ್ಚಾ ತೈಲ ಬ್ಯಾರಲ್‌ಗೆ 65 ಡಾಲರ್, ಡಾಲರ್‌ಗೆ 86 ರೂಪಾಯಿ ಅಂತ ಹಿಡಿಯಿರಿ. ಒಂದು ಬ್ಯಾರಲ್ ಅಂದರೆ 159 ಲೀಟರ್. ಭಾಗಿಸಿದರೆ ಲೀಟರ್‌ಗೆ 35 ರೂಪಾಯಿ. ಶುದ್ಧ ಮಾಡುವುದು, ಸಾಗಿಸುವುದು, ಕಂಪನಿಯ ಲಾಭ ಎಲ್ಲ ಸೇರಿ ಸುಮಾರು 53 ರೂಪಾಯಿಗೆ ಬರುತ್ತದೆ. ಅದರ ಮೇಲೆ ಆಗ ಕೇಂದ್ರದ ಅಬಕಾರಿ ಸುಂಕ 21 ರೂಪಾಯಿ 90 ಪೈಸೆ ಇತ್ತು. ಬಂಕಿನವರ ಕಮಿಷನ್ ನಾಲ್ಕೂವರೆ ರೂಪಾಯಿಯ ಆಸುಪಾಸು. ಇಷ್ಟೆಲ್ಲ ಕೂಡಿದ ಮೇಲೆ ರಾಜ್ಯದ ಮಾರಾಟ ತೆರಿಗೆ ಶೇಕಡಾ 29.84, ಅಂದರೆ ಇನ್ನೊಂದು 23 ರೂಪಾಯಿ ಚಿಲ್ಲರೆ. ಆಗ ಬೆಂಗಳೂರಿನಲ್ಲಿ 103 ರೂಪಾಯಿ ಹತ್ತಿರ ಆದದ್ದು ಹೀಗೆ. ಬಂಕಿನ ಹುಡುಗ "ಜೀರೋ ನೋಡಿ" ಅಂದು ನೂರು ರೂಪಾಯಿಗೆ ಹಾಕಿದರೆ ಒಂದು ಲೀಟರ್ ಕೂಡ ಬರುವುದಿಲ್ಲ. ಆ ದರದಲ್ಲಿ ಹಾಗೆ ಕೊಟ್ಟ ನೂರರಲ್ಲಿ 44 ರೂಪಾಯಿ ತೆರಿಗೆ.

ಇನ್ನೊಂದು ವಿಷಯ ಗಮನಿಸಿದಿರಾ? ರಾಜ್ಯದ ತೆರಿಗೆ ಬೀಳುವುದು ಕೇಂದ್ರದ ಸುಂಕವೂ ಸೇರಿದ ಮೊತ್ತದ ಮೇಲೆ. ಆ 21 ರೂಪಾಯಿ 90 ಪೈಸೆಗೂ ಶೇಕಡಾ 29.84 ಹಾಕಿ ನೋಡಿ. ಆರೂವರೆ ರೂಪಾಯಿ. ಇದು ಪೆಟ್ರೋಲಿಗೆ ಹಾಕಿದ ತೆರಿಗೆ ಅಲ್ಲ, ತೆರಿಗೆಗೇ ಹಾಕಿದ ತೆರಿಗೆ. ಮೀನಿನವರು ನಾಲ್ಕು ಲೀಟರ್ ಹಾಕಿಸಿದರೆ ದಿನಕ್ಕೆ 26 ರೂಪಾಯಿ ಬರೀ ಇದಕ್ಕೇ ಹೋಯಿತು.

ತೆರಿಗೆ ಇರಲೇಬಾರದು ಅಂತ ನಾನು ಹೇಳುವುದಿಲ್ಲ. ರಸ್ತೆ, ಆಸ್ಪತ್ರೆ, ಶಾಲೆ ಎಲ್ಲದಕ್ಕೂ ದುಡ್ಡು ಬೇಕು. ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಕಚ್ಚಾ ತೈಲ ಏರಿದಾಗ ಏರಿಕೆ ನಮ್ಮ ತಲೆಗೆ ಬರುತ್ತದೆ. ಇಳಿದಾಗ ಇಳಿಕೆ ನಮ್ಮ ಕೈಗೆ ಬರುವುದಿಲ್ಲ, ದಾರಿಯಲ್ಲೇ ಯಾರೋ ಎತ್ತಿಕೊಳ್ಳುತ್ತಾರೆ.

2020ರ ಲಾಕ್‌ಡೌನ್ ನೆನಪಿದೆ ಅಲ್ವಾ? ಆ ಏಪ್ರಿಲ್‌ನಲ್ಲಿ ಭಾರತ ಕೊಳ್ಳುವ ಕಚ್ಚಾ ತೈಲ ಬ್ಯಾರಲ್‌ಗೆ ಸರಾಸರಿ 20 ಡಾಲರ್‌ಗೆ ಬಂದಿತ್ತು. ಅಮೆರಿಕದಲ್ಲಂತೂ ಏಪ್ರಿಲ್ 20ರಂದು ವಾಯಿದಾ ಬೆಲೆ, ಅಂದರೆ ಮುಂದೆ ಕೊಡುವ ತೈಲಕ್ಕೆ ಮೊದಲೇ ಮಾಡಿಕೊಳ್ಳುವ ಒಪ್ಪಂದದ ಬೆಲೆ, ಸೊನ್ನೆಗಿಂತ ಕೆಳಗೆ ಹೋಯಿತು. ನಮಗೆ ಎಷ್ಟು ಇಳಿಯಬೇಕಿತ್ತು! ಕೇಂದ್ರ ಸರ್ಕಾರ ಮಾರ್ಚ್‌ನಲ್ಲಿ ಲೀಟರ್‌ಗೆ 3 ರೂಪಾಯಿ ಸುಂಕ ಏರಿಸಿತು. ಮೇ ತಿಂಗಳಲ್ಲಿ ಮತ್ತೆ ಪೆಟ್ರೋಲಿಗೆ 10, ಡೀಸೆಲ್‌ಗೆ 13 ರೂಪಾಯಿ. ನಮ್ಮ ರಾಜ್ಯ ಸರ್ಕಾರವೂ ಸುಮ್ನೆ ಇರಲಿಲ್ಲ. ಅದೇ ಏಪ್ರಿಲ್‌ನಿಂದ ಪೆಟ್ರೋಲ್ ತೆರಿಗೆಯನ್ನು ಶೇಕಡಾ 32ರಿಂದ 35ಕ್ಕೆ ಒಯ್ದಿತು. ಇಳಿಕೆ ಅಲ್ಲಿಗೆ ಮುಗಿಯಿತು.

ಆಗ ಕೊರೊನಾ ಇತ್ತು, ಸರ್ಕಾರಕ್ಕೆ ಬೇರೆ ಆದಾಯ ಇರಲಿಲ್ಲ, ಜನರಿಗೆ ಅಕ್ಕಿ ಕೊಡಬೇಕಿತ್ತು. ಒಪ್ಪುತ್ತೇನೆ. ಆದರೆ ಮತ್ತೆ ಕಚ್ಚಾ ತೈಲ ಏರತೊಡಗಿದಾಗ ಹಾಕಿದ ಸುಂಕ ಹಾಗೇ ಉಳಿಯಿತು. ಅದರ ಮೇಲೆ ಏರಿಕೆಯೂ ಬಂದು ಕೂತಿತು. 2021ರ ಜೂನ್ ಮೊದಲ ವಾರ ನಮ್ಮ ಶಿರಸಿಯಲ್ಲಿ ಪೆಟ್ರೋಲ್ ನೂರು ದಾಟಿತು. ಬೆಂಗಳೂರಿನಲ್ಲಿ ಆಗ ಇನ್ನೂ ನೂರರೊಳಗಿತ್ತು. ದೂರದ ಊರಿಗೆ ಟ್ಯಾಂಕರ್ ಬಾಡಿಗೆಯೂ ಸೇರುತ್ತದೆ ನೋಡಿ. ದುಡಿಮೆ ಕಡಿಮೆ ಇರುವ ಕಡೆ ಬೆಲೆ ಜಾಸ್ತಿ.

2020-21ರಲ್ಲಿ ಕೇಂದ್ರಕ್ಕೆ ಪೆಟ್ರೋಲಿಯಂ ಉತ್ಪನ್ನಗಳ ಅಬಕಾರಿ ಸುಂಕದಿಂದ ಬಂದದ್ದು ಸುಮಾರು 3.72 ಲಕ್ಷ ಕೋಟಿ ರೂಪಾಯಿ. ಹಿಂದಿನ ವರ್ಷ ಅದು 2.23 ಲಕ್ಷ ಕೋಟಿ ಇತ್ತು. ಅಷ್ಟು ದುಡ್ಡಿನಲ್ಲಿ ಎಲ್ಲ ರಾಜ್ಯಗಳಿಗೂ ಸೇರಿ ಪಾಲು ಸಿಕ್ಕಿದ್ದು 20 ಸಾವಿರ ಕೋಟಿಗಿಂತ ಕಡಿಮೆ. ಯಾಕೆ ಅಂದರೆ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದದ್ದು ಮೂಲ ಸುಂಕ ಮಾತ್ರ. 2021ರ ಫೆಬ್ರವರಿಯಿಂದ ಪೆಟ್ರೋಲಿಗೆ ಅದು ಲೀಟರ್‌ಗೆ 1 ರೂಪಾಯಿ 40 ಪೈಸೆ ಆಯಿತು. ಉಳಿದದ್ದು ಸೆಸ್ (ಒಂದು ಕೆಲಸದ ಹೆಸರು ಹೇಳಿ ಹಾಕುವ ಹೆಚ್ಚುವರಿ ತೆರಿಗೆ) ಮತ್ತು ವಿಶೇಷ ಸುಂಕ, ಪೂರ್ತಿ ದೆಹಲಿಯಲ್ಲೇ ಉಳಿಯುತ್ತದೆ. ಪಾಲು ಸಿಗದ ರಾಜ್ಯ ತನ್ನ ತೆರಿಗೆ ಏರಿಸುತ್ತದೆ. ಇಬ್ಬರ ಜಗಳದಲ್ಲಿ ಬಡವಾಗುವವರು ಬೈಕಿನವರು.

"ಹಿಂದಿನವರು ಮಾಡಿದ ತೈಲ ಬಾಂಡ್ ಸಾಲ ತೀರಿಸಬೇಕು" ಅನ್ನುವ ಮಾತು ಆಗಾಗ ಕೇಳಿದ್ದೇವೆ. ಬೆಲೆ ಏರದಿರಲಿ ಅಂತ ಹಿಂದಿನ ಸರ್ಕಾರ ತೈಲ ಕಂಪನಿಗಳಿಗೆ ದುಡ್ಡಿನ ಬದಲು ಕೊಟ್ಟ ಸಾಲಪತ್ರಗಳೇ ಈ ಬಾಂಡ್. ಸಾಲ ಸುಳ್ಳಲ್ಲ. ಅಸಲು ಸುಮಾರು 1.3 ಲಕ್ಷ ಕೋಟಿ, ವರ್ಷದ ಬಡ್ಡಿ ಹತ್ತು ಸಾವಿರ ಕೋಟಿ ಆಸುಪಾಸು ಇತ್ತು. ಒಂದೇ ವರ್ಷದಲ್ಲಿ ಬಂದ ಆ 3.72 ಲಕ್ಷ ಕೋಟಿಯ ಪಕ್ಕದಲ್ಲಿಟ್ಟು ನೀವೇ ನೋಡಿ.

ಇನ್ನು "ಬೆಲೆ ನಮ್ಮ ಕೈಯಲ್ಲಿಲ್ಲ, ಮಾರುಕಟ್ಟೆ ನಿರ್ಧರಿಸುತ್ತದೆ" ಅನ್ನುವ ಮಾತು. ಪೆಟ್ರೋಲ್ ಬೆಲೆಯನ್ನು ಸರ್ಕಾರ ತೈಲ ಕಂಪನಿಗಳಿಗೆ ಬಿಟ್ಟುಕೊಟ್ಟಿದ್ದು 2010ರಲ್ಲಿ. 2017ರ ಜೂನ್‌ನಿಂದ ದಿನಾ ಬೆಳಗ್ಗೆ ಹೊಸ ಬೆಲೆ ಬರತೊಡಗಿತು. ಸರಿ. ಹಾಗಾದರೆ 2018ರಲ್ಲಿ ನಮ್ಮ ವಿಧಾನಸಭೆ ಚುನಾವಣೆಯ ಮುಂಚೆ ಸುಮಾರು ಮೂರು ವಾರ ಬೆಲೆ ಅಲ್ಲಾಡದೆ ನಿಂತಿದ್ದು ಹೇಗೆ? ಆಗ ಕಚ್ಚಾ ತೈಲ ಏರುತ್ತಿತ್ತು. ಮೇ 12ಕ್ಕೆ ಮತದಾನ ಮುಗಿಯಿತು, 14ರಿಂದ ಏರಿಕೆ ಶುರುವಾಯಿತು. 2021ರ ನವೆಂಬರ್‌ನಿಂದ 2022ರ ಮಾರ್ಚ್ ತನಕವೂ ಹಾಗೇ ಆಯಿತು. ಉತ್ತರ ಪ್ರದೇಶದ ಚುನಾವಣೆ ಮುಗಿಯುವ ತನಕ ಬೆಲೆ ನಿಂತಿತ್ತು, ಆಮೇಲೆ ಎರಡೇ ವಾರ ಚಿಲ್ಲರೆಯಲ್ಲಿ 10 ರೂಪಾಯಿ ಏರಿತು. ಮತದಾನಕ್ಕೆ ಕಾಯುವ ಮಾರುಕಟ್ಟೆ ಎಲ್ಲಿದೆ?

ಸರಿ ಮಾಡಿದ್ದನ್ನೂ ಹೇಳಬೇಕು. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ಯುದ್ಧ ಹೂಡಿದಾಗ ಕಚ್ಚಾ ತೈಲ 120 ಡಾಲರ್ ಕೂಡ ದಾಟಿತ್ತು. ಆ ಮೇ ತಿಂಗಳಲ್ಲಿ ಕೇಂದ್ರ ಪೆಟ್ರೋಲ್ ಸುಂಕ 8 ರೂಪಾಯಿ ಇಳಿಸಿತು. ಸರ್ಕಾರಿ ತೈಲ ಕಂಪನಿಗಳು ಬೆಲೆ ಏರಿಸದೆ ನಷ್ಟ ಹೊತ್ತವು. ಅದು ನಮಗೆ ನಿಜವಾಗಿ ಸಿಕ್ಕ ಸಹಾಯ. ಉಡುಪಿ ಜಿಲ್ಲೆಯ ಪಾದೂರಿನ ಮತ್ತು ಮಂಗಳೂರಿನ ನೆಲದಡಿಯ ತೈಲ ಸಂಗ್ರಹಾಗಾರಗಳನ್ನು 2020ರಲ್ಲಿ ಅಗ್ಗದ ತೈಲದಿಂದ ತುಂಬಿಸಿಕೊಂಡಿದ್ದೂ ಜಾಣ ಕೆಲಸ. ಆದರೆ ಮುಂದೇನಾಯಿತು? ಕಚ್ಚಾ ತೈಲ ಇಳಿಯಿತು, ಮೂರು ದೊಡ್ಡ ಸರ್ಕಾರಿ ಕಂಪನಿಗಳು 2023-24ರಲ್ಲಿ ಒಟ್ಟು ಸುಮಾರು 81 ಸಾವಿರ ಕೋಟಿ ಲಾಭ ಮಾಡಿದವು. ನಮಗೆ ಇಳಿದಿದ್ದು ಎಷ್ಟು? 2024ರ ಮಾರ್ಚ್‌ನಲ್ಲಿ 2 ರೂಪಾಯಿ. ಜೂನ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಏರಿಸಿ 3 ರೂಪಾಯಿ ತೆಗೆದುಕೊಂಡಿತು. 2025ರ ಏಪ್ರಿಲ್‌ನಲ್ಲಿ ಕಚ್ಚಾ ತೈಲ ಮತ್ತೆ ಕುಸಿದಾಗ ಕೇಂದ್ರ ಇನ್ನೊಂದು 2 ರೂಪಾಯಿ ಸುಂಕ ಹಾಕಿತು. ಬಂಕಿನ ಬೆಲೆ ಬದಲಾಗಲಿಲ್ಲ, ಹಾಗಾಗಿ ಯಾರೂ ದೊಡ್ಡದಾಗಿ ಮಾತಾಡಲಿಲ್ಲ. ಇಳಿಯಬೇಕಾದದ್ದು ಇಳಿಯಲಿಲ್ಲ ಅನ್ನುವುದು ಕಣ್ಣಿಗೆ ಬೀಳುವುದಿಲ್ಲವಲ್ಲ.

ರಾಜ್ಯದ ಗ್ಯಾರಂಟಿಗಳಿಗೆ ದುಡ್ಡು ಬೇಕಲ್ಲ ಅಂತ ಕೆಲವರು ಕೇಳಬಹುದು. ಶಕ್ತಿ ಯೋಜನೆಯ ಬಸ್ಸಿನಲ್ಲಿ ನಾನೂ ಶಿರಸಿ ಪೇಟೆಗೆ ಹೋಗಿ ಬರುತ್ತೇನೆ. ಅದರಿಂದ ನನಗೆ ಉಪಕಾರ ಆಗಿದೆ. ಆದರೆ ಆ ದುಡ್ಡನ್ನು ಕಾರಿನವರಿಂದಲೂ ಮೀನಿನ ಬೈಕಿನವರಿಂದಲೂ ಲೀಟರ್‌ಗೆ ಒಂದೇ ದರದಲ್ಲಿ ವಸೂಲಿ ಮಾಡುವುದು ಸರಿಯಲ್ಲ. ಅಡಿಕೆ ತೋಟಕ್ಕೆ ಕೊಳೆ ಔಷಧಿ ಹೊಡೆಯುವ ಪಂಪಿಗೂ, ಕಳೆ ಕೊಚ್ಚುವ ಮಷೀನಿಗೂ ಅದೇ ದರ.

ನಾನು ಕೇಳುವುದು ಮೂರೇ. ರಾಜ್ಯದ ತೆರಿಗೆ ಕೇಂದ್ರದ ಸುಂಕದ ಮೇಲೆ ಬೀಳುವುದು ನಿಲ್ಲಲಿ. ಸೆಸ್ ಹೆಸರಿನಲ್ಲಿ ಬಚ್ಚಿಟ್ಟದ್ದನ್ನು ಮೂಲ ಸುಂಕಕ್ಕೆ ತಂದು ರಾಜ್ಯಗಳಿಗೆ ಪಾಲು ಕೊಡಲಿ. ಕಚ್ಚಾ ತೈಲ ಇಷ್ಟು ಇಳಿದರೆ ಬಂಕಿನಲ್ಲಿ ಇಷ್ಟು ಇಳಿಯಬೇಕು ಅನ್ನುವ ಒಂದು ನಿಯಮ ಬರೆದು ಹೊರಗೆ ಹಾಕಲಿ, ಚುನಾವಣೆ ಇರಲಿ ಇಲ್ಲದಿರಲಿ. ನಿಮ್ಮ ಎಂಎಲ್‌ಎ, ಎಂಪಿ ಯಾವ ಪಕ್ಷದವರಾದರೂ ಸರಿ, ಸಿಕ್ಕಾಗ ಈ ಮೂರನ್ನು ಕೇಳಿ. ನಾಡಿದ್ದು ಮೀನಿನವರು ಬಂದಾಗ ನಾನು ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಅವರಿಗೆ ಕೊಡುತ್ತೇನೆ.